ಚಾಚಾ, ಗಾಡಿ ಹತ್ತಿ

ದಿಲ್ಲಿಯ ಜನವರಿ. ರಾತ್ರಿ ಹನ್ನೊಂದು ದಾಟಿದೆ. ಯಮುನಾ ಬಜಾರಿನ ರಸ್ತೆಬದಿಯಲ್ಲಿ, ದಿನವಿಡೀ ತುಳಿದ ಸೈಕಲ್ ರಿಕ್ಷಾದ ಸೀಟಿನಲ್ಲೇ ನೀವು ಮುದುಡಿ ಮಲಗಿದ್ದೀರಿ. ಸೀಟು ಗಿಡ್ಡ, ಮೊಣಕಾಲು ಎದೆಗೆ ಒತ್ತುತ್ತಿದೆ. ಕಾಲ್ಬೆರಳುಗಳು ಇವೆಯೋ ಇಲ್ಲವೋ ತಿಳಿಯುತ್ತಿಲ್ಲ. ನಿಗಮಬೋಧ ಘಾಟಿನ ಚಿತೆಗಳ ಹೊಗೆ ಮಂಜಿನಲ್ಲಿ ಬೆರೆತು ಗಂಟಲಿಗಿಳಿಯುತ್ತದೆ. ಅತ್ತ ಯಾರೋ ಟೈರಿನ ಚೂರು ಸುಡುತ್ತಿದ್ದಾರೆ. ಕಣ್ಣುರಿದರೂ ಮುಖ ಅತ್ತಲೇ ತಿರುಗುತ್ತದೆ, ಬಿಸಿ ಇರುವುದು ಅಲ್ಲಿ.

ಬ್ರೇಕಿನ ಸದ್ದು. ಕಣ್ಣಿಗೆ ಹೆಡ್‌ಲೈಟು. ಕೈ ತಾನಾಗಿ ಒಳಜೇಬಿಗೆ ಹೋಗುತ್ತದೆ. ಪೊಲೀಸರೇ?

"ಚಾಚಾ, ಏಳಿ. ಗಾಡಿ ಹತ್ತಿ. ರೈನ್ ಬಸೇರಾದಲ್ಲಿ ಹಾಸಿಗೆ ಇದೆ, ಕಂಬಳಿ ಇದೆ. ದುಡ್ಡು ಬೇಡ."

ಬಂದವನು ದಿಲ್ಲಿಯ ನಗರಾಶ್ರಯ ಸುಧಾರಣಾ ಮಂಡಳಿಯ ಕಡೆಯ ಹುಡುಗ. ರೈನ್ ಬಸೇರಾ ಎಂದರೆ ಮಂಡಳಿಯ ರಾತ್ರಿ ತಂಗುದಾಣ. ಈ ಗಾಡಿ ಸುಮ್ಮನೆ ಬಂದದ್ದಲ್ಲ. 2009ರ ಡಿಸೆಂಬರಿನ ಚಳಿಯಲ್ಲಿ ಪೂಸಾ ರಸ್ತೆಯ ತಂಗುದಾಣವನ್ನು ಪಾಲಿಕೆಯೇ ಕಿತ್ತುಹಾಕಿತ್ತು. ಸುಪ್ರೀಂ ಕೋರ್ಟು ಗದರಿತು. ಲಕ್ಷ ಜನಸಂಖ್ಯೆಗೆ ಒಂದರಂತೆ, ವರ್ಷವಿಡೀ ತೆರೆದಿರುವ ಆಶ್ರಯ ಕಟ್ಟಿ ಎಂದು 2010ರಲ್ಲಿ ಹೇಳಿತು.

"ರಿಕ್ಷಾ?"

"ಸರಪಳಿ ಹಾಕಿ ಬಿಡಿ."

ಅದು ನಿಮ್ಮದಲ್ಲ, ದಿನಬಾಡಿಗೆಯದು. ಹೋದರೆ ಮಾಲೀಕನಿಗೆ ತಿಂಗಳುಗಟ್ಟಲೆ ತೆರಬೇಕು. ಜಾಮಾ ಮಸೀದಿಯ ಕಡೆ ರಜಾಯಿ ಬಾಡಿಗೆಗೆ ಸಿಗುತ್ತದೆ, ಆದರೆ ಅಲ್ಲಿಯವರೆಗೆ ತುಳಿಯಲು ಈ ಕಾಲುಗಳಿಗೆ ಆಗುತ್ತದೆಯೇ? ಕೆಮ್ಮು ಬಂತು. ನಿಲ್ಲುತ್ತಿಲ್ಲ. ಪಕ್ಕೆ ಹಿಡಿಯಿತು. ಹುಡುಗ ಕಾಯುತ್ತಿದ್ದಾನೆ. ಡ್ರೈವರು ಗೇರು ಹಾಕಿದ. ಕಂಬಕ್ಕೆ ಸರಪಳಿ ಸುತ್ತುತ್ತೀರಿ, ಮರಗಟ್ಟಿದ ಬೆರಳಿಗೆ ಬೀಗ ಸಿಗದು, ಒಮ್ಮೆ ಜಾರುತ್ತದೆ, ಮತ್ತೆ ಒತ್ತುತ್ತೀರಿ. ಕಟ್.

ಹತ್ತಿಬಿಟ್ಟಿರಿ.

ರೈನ್ ಬಸೇರಾದ ಒಳಗೆ ತಗಡಿನ ಗೋಡೆ, ಹಳದಿ ಬಲ್ಬು. ರಿಜಿಸ್ಟರಿನಲ್ಲಿ ಹೆಸರು ಬರೆದುಕೊಳ್ಳುತ್ತಾರೆ. ಒದ್ದೆ ಕಾಲ್ಚೀಲ, ಬೀಡಿ, ಬೆವರು ಸೇರಿದ ಬಿಸಿಗಾಳಿ ಮುಖಕ್ಕೆ ಬಡಿಯುತ್ತದೆ. ಹೊಟ್ಟೆ ತೊಳೆಸಿದರೂ ಎದೆ ಹಗುರಾಗುತ್ತದೆ. ಇಂಥ ಆಶ್ರಯಗಳಿಗೆಂದು ಕೇಂದ್ರ ಸರ್ಕಾರ ಮಾಡಿದ್ದ ಯೋಜನೆಯಲ್ಲಿ ತಲೆಗೆ ಕನಿಷ್ಠ 50 ಚದರ ಅಡಿ ಜಾಗ ಎಂದಿತ್ತು. ನೀವು ಮಗ್ಗುಲಾದರೆ ಮೊಣಕೈ ಪಕ್ಕದವನ ಬೆನ್ನಿಗೆ ತಾಗುತ್ತದೆ. ಅಳತೆಪಟ್ಟಿ ಹಿಡಿದು ಇಲ್ಲಿಗೆ ಯಾರು ಬರುತ್ತಾರೆ, ಬಿಡಿ.

ಚಪ್ಪಲಿ ತಲೆದಿಂಬಿನಡಿಗೆ, ದುಡ್ಡು ಲಂಗೋಟಿಯೊಳಗೆ. ಎರಡರ ಸುಮಾರಿಗೆ ಬಾಗಿಲು ತೆರೆಯುತ್ತದೆ. ಮದುವೆ ಊಟ ಬಡಿಸಿ ಬಂದ ಹುಡುಗರು, ಮೈಯೆಲ್ಲ ತುಪ್ಪ, ಗರಂ ಮಸಾಲೆಯ ಘಮ. ಅವರ ನಡುವೆ ಪಿಸುಮಾತು: "ಇದನ್ನೂ ಕೆಡವುತ್ತಾರಂತಾ?" ಭಯ ಹುಸಿಯಲ್ಲ. 2023ರ ಫೆಬ್ರವರಿಯಲ್ಲಿ ಸರಾಯ್ ಕಾಲೇ ಖಾನ್‌ನ ರೈನ್ ಬಸೇರಾವನ್ನು ಕೆಡವಿದ್ದು ಇದೇ ಮಂಡಳಿ.

ಮೈ ಬೆಚ್ಚಗಾಗಿದೆ, ಕಣ್ಣು ಹತ್ತುತ್ತಿಲ್ಲ, ಮನಸ್ಸು ಕಂಬಕ್ಕೆ ಕಟ್ಟಿದ ರಿಕ್ಷಾದಲ್ಲಿದೆ. ಹೊರಗೆ ಕಬ್ಬಿಣ ಸದ್ದು ಮಾಡಿದರೆ ಸಾಕು, ಎದ್ದು ಕೂರುತ್ತೀರಿ. ನಾಳೆ ಆ ಗಾಡಿ ಬಂದರೆ ನೀವು ಹತ್ತುವುದಿಲ್ಲ. ರಿಕ್ಷಾ ಕಳೆದುಕೊಳ್ಳುವುದಕ್ಕಿಂತ ಚಳಿ ತಡೆದುಕೊಳ್ಳುವುದೇ ಅಗ್ಗ. ಮಂಡಳಿಯವರು ಮುಂದಿನ ಚಳಿಗಾಲಕ್ಕೆ ಕಂಬಳಿ ಕೊಳ್ಳುವಾಗ, ರಿಕ್ಷಾ, ತಳ್ಳುಗಾಡಿ ನಿಲ್ಲಿಸಲು ಬೇಲಿ ಹಾಕಿದ ಜಾಗಕ್ಕೂ ಅಲ್ಲಿಗೊಬ್ಬ ಕಾವಲುಗಾರನಿಗೂ ದುಡ್ಡು ತೆಗೆದಿಡಲಿ.