ಋಣ ತೀರಿದ ಮೇಲೆ

ಸಾಲವಿಲ್ಲದವನೇ ಸುಖಿ ಎಂದು ನಮ್ಮ ತಂದೆಯವರು ದಿನಕ್ಕೊಮ್ಮೆಯಾದರೂ ನುಡಿಯುತ್ತಿದ್ದರು. ಆ ಸುಖವನ್ನು ಕಾಣದೆಯೇ ಅವರು ಹೋದರು. ನಾಲ್ಕು ಎಕರೆ ಎರೆಭೂಮಿ, ಅದರ ಮೇಲೆ ಸಾಹುಕಾರರ ಕಾಗದ. ಜೋಳದ ರಾಶಿ ಕಣದಿಂದ ಮನೆಗೆ ಬರುವ ಮೊದಲೇ ಅರ್ಧ ಪಾಲು ಅವರ ಬಂಡಿಯನ್ನು ಏರುತ್ತಿತ್ತು. ಆ ಬಂಡಿಯನ್ನು ನೋಡುತ್ತ ಬೆಳೆದ ನನಗೆ ಬಾಳಿನ ಗುರಿ ಒಂದೇ ಆಗಿತ್ತು: ಯಾರ ಮುಂದೆಯೂ ಕೈಯೊಡ್ಡದ ಸ್ಥಿತಿಯನ್ನು ಮುಟ್ಟಬೇಕು. ಬ್ಯಾಂಕಿನ ನೌಕರಿಯನ್ನು ಹುಡುಕಿಕೊಂಡು ಹೋದುದೂ ಬಹುಶಃ ಅದೇ ಕಾರಣದಿಂದ.

ಆ ಸ್ಥಿತಿ 2001ರಲ್ಲಿ ಒದಗಿತು. ಸಾರ್ವಜನಿಕ ವಲಯದ ಬ್ಯಾಂಕುಗಳಲ್ಲಿ ಆಗ ಸ್ವಯಂನಿವೃತ್ತಿಯ ಯೋಜನೆ ಬಂದಿತ್ತು. ಸೇವೆಯ ಪ್ರತಿ ವರ್ಷಕ್ಕೆ 60 ದಿನಗಳ ವೇತನ, ಇಲ್ಲವೆ ಉಳಿದ ಸೇವಾವಧಿಯ ವೇತನ, ಇವೆರಡರಲ್ಲಿ ಕಡಿಮೆಯಾದುದು ಪರಿಹಾರಧನವಾಗಿ ದೊರೆಯುತ್ತಿತ್ತು. ದೇಶದಲ್ಲಿ ಸುಮಾರು ಒಂದು ಲಕ್ಷ ಜನ ಹಾಗೆ ಹೊರಬಂದರು. ಅವರಲ್ಲಿ ನಾನೂ ಒಬ್ಬ. ಆಗ ನನಗೆ 52 ವರ್ಷ. ಮನೆಯ ಸಾಲ ತೀರಿತ್ತು, ಇಬ್ಬರು ಹೆಣ್ಣುಮಕ್ಕಳ ಮದುವೆಯಾಗಿತ್ತು, ಪಿಂಚಣಿ ಬರುವುದಿತ್ತು. ತಂದೆಯವರ ಭಾವಚಿತ್ರದ ಮುಂದೆ ನಿಂತು, 'ತೀರಿತು' ಎಂದು ಒಂದೇ ಮಾತು ಹೇಳಿದೆನು.

ಮೊದಲ ಮೂರು ತಿಂಗಳು ಧಾರವಾಡದ ಮಳೆಯೂ ಹಿತವಾಗಿತ್ತು. ಸಾಧನಕೇರಿಯವರೆಗೆ ತಿರುಗಾಡಿ ಬರುವುದು, ಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದುವುದು, ಮಧ್ಯಾಹ್ನ ನಿದ್ದೆ. ಅನಂತರ ಏನಾಯಿತೆಂದು ಹೇಳಲು ಇಂದಿಗೂ ಸಂಕೋಚವೆನಿಸುತ್ತದೆ. ಕಪಾಟಿನಿಂದ ಠೇವಣಿಯ ರಸೀದಿಗಳನ್ನು ತೆಗೆದು ಎಣಿಸತೊಡಗಿದೆನು. ವಾರಕ್ಕೊಮ್ಮೆ ಇದ್ದುದು ದಿನಕ್ಕೊಮ್ಮೆಯಾಯಿತು. ಆ ವರ್ಷಗಳಲ್ಲಿ ಬಡ್ಡಿಯ ದರ ಇಳಿಯುತ್ತಲೇ ಇತ್ತು. ಅರ್ಧ ಶೇಕಡಾ ಇಳಿದರೆ ನನಗೆ ರಾತ್ರಿ ನಿದ್ದೆ ಬಾರದು. ನನ್ನ ಪತ್ನಿ ಒಂದು ದಿನ ರಸೀದಿಗಳನ್ನೂ ನನ್ನನ್ನೂ ನೋಡಿ, "ನೌಕರಿ ಬಿಟ್ಟು ಬಂದ್ರಿ, ಖರೆ, ಬ್ಯಾಂಕನ್ನ ಮನಿಗೆ ಹೊತ್ಕೊಂಡು ಬಂದೀರಲ್ಲ!" ಎಂದಳು.

ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಬಾಲ್ಯದಿಂದ ಕೇಳಿದವನು ನಾನು. ದಿನಕ್ಕೆ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಗಂಡನಿಗೆ ಅದನ್ನು ಮರಳಿ ಸುರಿದು ಬರುವಂತೆ ಆಕೆ ಹೇಳಿದಳೆಂಬುದನ್ನು ಪುರಾಣ ಪ್ರವಚನಗಳಲ್ಲಿ ಎಷ್ಟು ಸಲ ಕೇಳಿ ತಲೆದೂಗಿದ್ದೆನೋ! ಕಪಾಟಿನ ಬೀಗದ ಕೈ ಮಾತ್ರ ಜನಿವಾರದಂತೆ ಕೊರಳಲ್ಲಿಯೇ ಇತ್ತು.

ಮರುವರ್ಷ ಬೇಸಗೆಯಲ್ಲಿ ಸುಪರ್ ಮಾರ್ಕೆಟ್ಟಿಗೆ ಕಾಯಿಪಲ್ಲೆ ತರಲು ಹೋಗಿದ್ದಾಗ, ಮೆಂತ್ಯೆ ಸೊಪ್ಪು ಮಾರುವ ಹೆಣ್ಣುಮಗಳೊಬ್ಬಳು, "ಸಾಹೇಬ್ರ, ಗುರುತು ಹತ್ತಲಿಲ್ಲೇನ್ರಿ? ಆಡಿನ ಸಾಲಕ್ಕಂತ ನಿಮ್ಮ ಮೇಜಿನ ಮುಂದ ಮೂರು ಸಲ ಬಂದು ನಿಂತಿದ್ದೆ" ಎಂದಳು. ಆ ಮಾತಿನಲ್ಲಿ ಆಕ್ಷೇಪಣೆ ಇರಲಿಲ್ಲ. ಹಳೆಯ ಪರಿಚಯವನ್ನು ನೆನಪಿಸುವ ಸೌಜನ್ಯವಷ್ಟೇ ಇದ್ದಿತು. ನನಗೆ ನೆನಪಾಗಲಿಲ್ಲ. ಕಾಗದಪತ್ರ ಸಾಲದೆಂದು ತಿರುಗಿಸಿ ಕಳುಹಿಸಿದವರೆಲ್ಲರ ಮುಖ ನೆನಪಿಡುವವರು ಯಾರು? ಎರಡು ಸಿವುಡು ಸೊಪ್ಪು ಕೊಂಡು ಹೊರಡಬೇಕೆನ್ನುವಷ್ಟರಲ್ಲಿ ಒಬ್ಬ ಯುವಕ ಬಂದು ಅವಳಿಂದ 500 ರೂಪಾಯಿ ಎಣಿಸಿಕೊಂಡು ಹೋದನು. ಮುಂಜಾನೆ ಅವನು ಕೊಟ್ಟುದು 450. ನಾನು ರೂಢಿಯಂತೆ ಮನಸ್ಸಿನಲ್ಲಿಯೇ ಲೆಕ್ಕ ಹಾಕಿದೆನು: ದಿನಕ್ಕೆ 50, ತಿಂಗಳಿಗೆ 25 ದಿನವೆಂದರೂ 1,250. ಅಸಲಿನ ಹತ್ತಿರಹತ್ತಿರ ಮೂರು ಪಟ್ಟು, ಒಂದೇ ತಿಂಗಳಲ್ಲಿ! ಸಾಹುಕಾರರ ಬಂಡಿ ಕಣ್ಣ ಮುಂದೆ ಬಂದು ನಿಂತಿತು. ಆ ಬಂಡಿಯ ದಾರಿಯನ್ನು ಸುಗಮಗೊಳಿಸಿದವರಲ್ಲಿ ನಾನೂ ಒಬ್ಬನೆಂಬುದು ಅಂದು ತಿಳಿಯಿತು.

ಸರ್ಕಾರದ ಸ್ತ್ರೀಶಕ್ತಿ ಯೋಜನೆ 2000-01ರಲ್ಲಿ ಆರಂಭವಾಗಿತ್ತು. ಅವಳ ಊರಿನಲ್ಲಿಯೂ ಹದಿನಾರು ಹೆಣ್ಣುಮಕ್ಕಳ ಸಂಘವೊಂದಿದ್ದು, ವಾರಕ್ಕೆ ಹತ್ತು ರೂಪಾಯಿ ಕೂಡಿಸುತ್ತಿದ್ದರು. ಲೆಕ್ಕ ಬರೆಯುವವರಿಲ್ಲದೆ ಎಲ್ಲವೂ ಗೋಜಲಾಗಿತ್ತು. ಪ್ರತಿ ಮಂಗಳವಾರ ಸಂಜೆಯ ಬಸ್ಸಿಗೆ ಹೋಗಿ ಅಂಗನವಾಡಿಯಲ್ಲಿ ಕುಳಿತು ಪುಸ್ತಕ ಬರೆಯತೊಡಗಿದೆನು. ಕಂದೀಲಿನ ಬೆಳಕು, ಮಕ್ಕಳ ಗಲಾಟೆ, ಯಾರದೋ ಮನೆಯ ಚಹಾ. ಬ್ಯಾಂಕಿನ ಸಾಲಕ್ಕಾಗಿ ಅವರೊಡನೆ ನಾನೂ ಮೇಜಿನ ಈಚೆ ನಿಂತೆನು. "ಮುಂದಿನ ವಾರ ಬರ್ರಿ" ಎಂಬ ಮಾತು ಈಚೆ ನಿಂತವರ ಕಿವಿಗೆ ಹೇಗೆ ಕೇಳಿಸುವುದೆಂಬುದನ್ನು ಇಪ್ಪತ್ತೆಂಟು ವರ್ಷಗಳ ನೌಕರಿ ನನಗೆ ಕಲಿಸಿರಲಿಲ್ಲ. ಮೂರಕ್ಕಿಂತ ಹೆಚ್ಚು ಸಲವೇ ಅಲೆದೆವು. ಕೊನೆಗೆ ಸಾಲ ಬಂದಿತು. ಮಾರುಕಟ್ಟೆಯ ಆ ಯುವಕನಿಗೆ ಹದಿನಾರರಲ್ಲಿ ಒಂಬತ್ತು ಜನ ಅದೇ ವಾರ ಕೈ ಮುಗಿದರು. ಉಳಿದವರಿಗೆ ಇನ್ನೂ ಒಂದು ವರ್ಷ ಹಿಡಿಯಿತು. ಇಬ್ಬರಿಗೆ ಆಗಲೇ ಇಲ್ಲ.

ಕಪಾಟನ್ನು ಎಂದು ಮರೆತೆನೋ ಹೇಳಲಾರೆ. ಬೀಗದ ಕೈ ಪತ್ನಿಯ ಸೆರಗಿಗೆ ಹೋದುದು ಮಾತ್ರ ನೆನಪಿದೆ.

ನಾಲ್ಕು ವರ್ಷಗಳಾದ ಮೇಲೆ ಆ ಸಂಘದವರು, ಹತ್ತನೆಯ ತರಗತಿ ಮುಗಿಸಿದ ತಮ್ಮೂರ ಹುಡುಗಿಯೊಬ್ಬಳು ಇನ್ನು ಮುಂದೆ ಲೆಕ್ಕ ಬರೆಯುವಳೆಂದು ತಿಳಿಸಿದರು. ಒಳ್ಳೆಯದೇ ಆಯಿತೆಂದು ಬಾಯಿ ಹೇಳಿತು, ಮನಸ್ಸು ಮುನಿಯಿತು. ಎರಡು ಮಂಗಳವಾರ ಹೋಗಲಿಲ್ಲ. ಮತ್ತೆ ಅದೇ ಮಧ್ಯಾಹ್ನ ನಿದ್ದೆ, ಅದೇ ಖಾಲಿತನ. ನನಗೆ ಬೇಕಾಗಿದ್ದುದು ಅವರ ಹಿತವೋ, ಅವರಿಗೆ ನಾನು ಬೇಕಾಗಿರುವುದೋ ಎಂದು ಕೇಳಿಕೊಂಡಾಗ ಬಂದ ಉತ್ತರ ಹಿತವಾಗಿರಲಿಲ್ಲ.

ಮೂರನೆಯ ಮಂಗಳವಾರ ಬಸ್ಸು ಹತ್ತಿದೆನು. ನನ್ನನ್ನು ಕಂಡೊಡನೆ ಆ ಹುಡುಗಿ ಹಳೆಯ ಪುಸ್ತಕವೊಂದನ್ನು ಬಿಡಿಸಿ, ನಾಚುತ್ತ, "ಕಾಕಾ, ಇಲ್ಲಿ ನಲವತ್ತು ರೂಪಾಯಿ ತಪ್ಪೈತ್ರಿ" ಎಂದಳು. ಕನ್ನಡಕ ಹಾಕಿಕೊಂಡು ನೋಡಿದೆನು. ಹೌದು, ಕೂಡಿಸುವಾಗ ನಾನು ಜಾರಿದ್ದೆನು. ಕಿಸೆಯಿಂದ 40 ರೂಪಾಯಿ ತೆಗೆದುಕೊಟ್ಟು, ಅವಳ ಕೈಯಿಂದ ರಸೀದಿ ಬರೆಯಿಸಿಕೊಂಡೆನು. ಹೆಣ್ಣುಮಕ್ಕಳೆಲ್ಲ ಸೆರಗು ಬಾಯಿಗೆ ಹಚ್ಚಿ ನಕ್ಕರು. ಕೊನೆಯ ಬಸ್ಸಿನಲ್ಲಿ ಧಾರವಾಡದವರೆಗೂ ನಾನು ನಗುತ್ತಲೇ ಬಂದೆನು. ನಿರ್ವಾಹಕನು ಎರಡು ಸಲ ತಿರುಗಿ ನೋಡಿದನು. ಆ ರಸೀದಿ ಈಗ ತಂದೆಯವರ ಭಾವಚಿತ್ರದ ಚೌಕಟ್ಟಿನಲ್ಲಿದೆ.