ನಾಕ್ಸೋಸ್ ದ್ವೀಪಕ್ಕೆ ಹೊರಡುವವರಿಗೆ

ಗ್ರೀಸ್ ದೇಶದ ದ್ವೀಪವೆಂದೊಡನೆ ನಮ್ಮವರ ಕಣ್ಣ ಮುಂದೆ ನಿಲ್ಲುವುದು ಕ್ಯಾಲೆಂಡರಿನ ಚಿತ್ರ: ಸುಣ್ಣ ಬಳಿದ ಬೆಳ್ಳನೆಯ ಮನೆಗಳು, ನೀಲಿಯ ಗುಮ್ಮಟ, ಅದರ ಕೆಳಗೆ ಇನ್ನೂ ನೀಲಿಯಾದ ಕಡಲು. ಅದು ಸಾಂಟೊರೀನಿ. ಅಲ್ಲಿಗೆ ಹೋಗಿಬಂದ ಉಳ್ಳವರ ಕಥೆ ಕೇಳಿ, ಇದು ನಮ್ಮಂತಹ ಸಂಬಳದಾರರ ಪಾಲಿನದಲ್ಲವೆಂದು ಸುಮ್ಮನಾಗುವವರೇ ಹೆಚ್ಚು. ಆದರೆ ಅದೇ ಕಡಲಿನಲ್ಲಿ, ಅದೇ ಹಡಗಿನ ದಾರಿಯಲ್ಲಿ, ಕೊಂಚ ಈಚೆಗೆ ನಾಕ್ಸೋಸ್ ಎಂಬ ಇನ್ನೊಂದು ದ್ವೀಪವುಂಟು. ಸೈಕ್ಲಡೀಸ್ ಎಂಬ ದ್ವೀಪಸ್ತೋಮದಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. ವಿಸ್ತಾರ ಸುಮಾರು 430 ಚದರ ಕಿಲೊಮೀಟರು. ಬೆಟ್ಟ, ಹೊಲ, ದನಕರು, ಆಲೂಗಡ್ಡೆ, ಆಲಿವ್ ತೋಪು ಎಲ್ಲವೂ ಇರುವ ಈ ದ್ವೀಪ, ಮನೆಮಂದಿಯೊಡನೆ ಹೋಗಿ ವಾರವೊಂದನ್ನು ಕಳೆಯಲು ತಕ್ಕ ಸ್ಥಳವೆಂಬುದು ನಮ್ಮ ಅನುಭವ.

ನಾವು ಹೊರಟವರು ನಾಲ್ವರು: ನಾವಿಬ್ಬರು, ಎಂಟು ವರ್ಷದ ಮಗ, ಅರವತ್ತೆಂಟು ತುಂಬಿದ ಅಮ್ಮ. ಒಂಬತ್ತು ವರ್ಷ ತಿಂಗಳು ತಿಂಗಳು ಕಟ್ಟಿದ ಠೇವಣಿ ಕೈಗೆ ಬಂದಿತ್ತು. ಇನ್ನೆರಡು ವರ್ಷ ತಡೆದರೆ ಅಮ್ಮನ ಮಂಡಿ ಮೆಟ್ಟಿಲು ಹತ್ತಲು ಒಪ್ಪಲಾರದೆಂದು ವೈದ್ಯರು ಹೇಳಿದ್ದರು. ಆದುದರಿಂದ ನಮಗೆ ಇದು ಒಂದೇ ಬಾರಿಯ ಪ್ರಯಾಣ. ಒಂದು ದಿನ ತಪ್ಪಿದರೂ ಹೊಸದಾಗಿ ನಾಲ್ಕು ವಿಮಾನದ ಟಿಕೇಟು ಕೊಳ್ಳುವ ಶಕ್ತಿ ನಮಗಿರಲಿಲ್ಲ. ನಮ್ಮ ಸಂಘದ ಬಂಧುಗಳಲ್ಲಿ ಇಂಥ ಸ್ಥಿತಿಯವರು ಅನೇಕರಿರುವುದರಿಂದ, ನಾವು ಕಂಡುಕೊಂಡುದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಕಾಗದಪತ್ರದ ಮಾತು. ಸರ್ಕಾರಿ ನೌಕರರಿಗೆ ಪರದೇಶ ಪ್ರಯಾಣಕ್ಕೆ ಇಲಾಖೆಯ ಅನುಮತಿ ಬೇಕು. ರಜೆಯ ಅರ್ಜಿಯ ಜೊತೆಗೇ ಅದನ್ನೂ ಕೊಟ್ಟುಬಿಡಿ. ಎಲ್.ಟಿ.ಸಿ. ಸೌಲಭ್ಯ ನಮ್ಮ ದೇಶದ ಮಟ್ಟಿಗಷ್ಟೆ; ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಗ್ರೀಸಿಗೆ ಬೇಕಾದುದು ಷೆಂಗೆನ್ ವೀಸಾ. 2024ರ ಜೂನಿನಿಂದ ದೊಡ್ಡವರಿಗೆ 90 ಯೂರೊ, ಆರರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ 45 ಯೂರೊ ಶುಲ್ಕ. ಕೇಂದ್ರದವರ ಸೇವಾಶುಲ್ಕ ಬೇರೆ. ಅರ್ಜಿಯನ್ನು ಆರು ತಿಂಗಳು ಮೊದಲೇ ಕೊಡಬಹುದು. ಕೊನೆಯ ಹದಿನೈದು ದಿನಕ್ಕೆ ಉಳಿಸಿಕೊಂಡರೆ ಕಷ್ಟ. ಕನಿಷ್ಠ 30,000 ಯೂರೊ ಮೊತ್ತದ ಪ್ರವಾಸ ವಿಮೆ ಕಡ್ಡಾಯ. ಪಾಸ್‌ಪೋರ್ಟು, ನೀವು ಯುರೋಪನ್ನು ಬಿಡುವ ದಿನದಿಂದ ಮುಂದೆ ಮೂರು ತಿಂಗಳಾದರೂ ಚಾಲ್ತಿಯಲ್ಲಿರಬೇಕು. ವಯಸ್ಸಾದವರ ವಿಮೆಯಲ್ಲಿ ಹಳೆಯ ಕಾಯಿಲೆಗಳಿಗೆ ರಕ್ಷಣೆಯುಂಟೇ ಎಂಬುದನ್ನು ಓದಿಯೇ ಹಣ ಕಟ್ಟಿ.

ಯಾವ ತಿಂಗಳು ಹೋಗಬೇಕು? ಜುಲೈ, ಆಗಸ್ಟ್ ಬೇಡ. ಆಗ ಯುರೋಪಿಗೆ ಯುರೋಪೇ ಅಲ್ಲಿ ನೆರೆದಿರುತ್ತದೆ, ಬಾಡಿಗೆ ಏರಿರುತ್ತದೆ, ಬಡಗಣಿಂದ ಬೀಸುವ ಮೆಲ್ಟೆಮಿ ಎಂಬ ಗಾಳಿಯ ಅಬ್ಬರವೂ ಆಗಲೇ ಹೆಚ್ಚು. ಮೇ ನಡುವಿನಿಂದ ಜೂನ್ ನಡುವಿನವರೆಗೆ, ಇಲ್ಲವೆ ಸೆಪ್ಟೆಂಬರು ಒಳ್ಳೆಯದು. ಸೆಪ್ಟೆಂಬರಿನಲ್ಲಿ ಬೇಸಿಗೆಯೆಲ್ಲ ಕಾದ ಕಡಲಿನ ನೀರು ಬೆಚ್ಚಗಿರುವುದರಿಂದ ಮಕ್ಕಳಿಗೆ ಹಿತ. ನಾವು ಆರಿಸಿದ್ದೂ ಅದನ್ನೇ.

ಸಾಮಾನು ಕಟ್ಟುವಾಗ ಗೃಹಿಣಿಯರು ಒಂದು ಮಾತು ನೆನಪಿಡಬೇಕು. ಯುರೋಪಿನ ಒಕ್ಕೂಟದೊಳಕ್ಕೆ ಹೊರಗಿನವರು ಮಾಂಸವನ್ನಾಗಲಿ ಹಾಲಿನ ಪದಾರ್ಥವನ್ನಾಗಲಿ ಒಯ್ಯುವಂತಿಲ್ಲ. ಹಾಗಾಗಿ ತುಪ್ಪದ ಡಬ್ಬಿ, ಧಾರವಾಡದ ಪೇಡೆ ಎರಡೂ ಮನೆಯಲ್ಲೇ ಇರಲಿ. ಹಸಿ ಕರಿಬೇವನ್ನೂ ಪ್ರಮಾಣಪತ್ರವಿಲ್ಲದೆ ಒಯ್ಯಬಾರದು. ಚಟ್ನಿಪುಡಿ, ಸಾರಿನಪುಡಿ, ಗಟ್ಟಿ ಅವಲಕ್ಕಿ ಇವಿಷ್ಟು ಸಾಕು. ಉಳಿದುದೆಲ್ಲ ದ್ವೀಪದಲ್ಲೇ ಸಿಗುತ್ತದೆ.

ಅಥೆನ್ಸಿನ ವಿಮಾನ ನಿಲ್ದಾಣದಿಂದ ಪಿರೇಯಸ್ ಬಂದರಿಗೆ 2022ರಿಂದ ಮೆಟ್ರೊ ರೈಲು ನೇರವಾಗಿ ಹೋಗುತ್ತದೆ. ಟ್ಯಾಕ್ಸಿಗೆ ಸುರಿಯುವ ಹಣ ಉಳಿಯುತ್ತದೆ. ಬಂದರು ಬಲು ದೊಡ್ಡದು. ದ್ವಾರಗಳಿಗೆ ಇ-1, ಇ-2 ಎಂದು ಸಂಖ್ಯೆಗಳುಂಟು. ಟಿಕೇಟಿನಲ್ಲಿ ನಿಮ್ಮ ದ್ವಾರ ಯಾವುದೆಂದು ನೋಡಿಕೊಂಡು, ಒಂದು ಗಂಟೆ ಮೊದಲೇ ಅಲ್ಲಿರಿ. ಹಡಗುಗಳಲ್ಲಿ ಎರಡು ಬಗೆ. ವೇಗದ ಹಡಗು ಮೂರೂವರೆ, ನಾಲ್ಕು ಗಂಟೆಗಳಲ್ಲಿ ಮುಟ್ಟಿಸುತ್ತದೆ. ದೊಡ್ಡ ಹಡಗು ಐದು, ಐದೂವರೆ ಗಂಟೆ ತೆಗೆದುಕೊಳ್ಳುತ್ತದೆ. ನಾವು ದೊಡ್ಡ ಹಡಗನ್ನೇ ಹೇಳುತ್ತೇವೆ. ದರ ಕಡಿಮೆ, ಓಲಾಟ ಕಡಿಮೆ, ಮೇಲಿನ ಅಟ್ಟದಲ್ಲಿ ನಿಂತು ಕಡಲು ನೋಡಬಹುದು. ಐದರಿಂದ ಹತ್ತು ವರ್ಷದ ಮಕ್ಕಳಿಗೆ ಅರ್ಧ ಟಿಕೇಟು. ಪೆಟ್ಟಿಗೆಗಳನ್ನು ಕೆಳಗೆ ವಾಹನ ನಿಲ್ಲಿಸುವ ಕಡೆ, ಆಯಾ ದ್ವೀಪದ ಹೆಸರು ಬರೆದ ಹಲಗೆಗಳ ಮೇಲೆ ಇಡಬೇಕು. ಪಾರೋಸ್ ದ್ವೀಪವನ್ನು ಬಿಟ್ಟ ಮೇಲೆ ಮುಂದಿನದೇ ನಾಕ್ಸೋಸ್ ಆಗಿದ್ದರೆ, ಹಡಗು ನಿಲ್ಲುವವರೆಗೆ ಕೂರದೆ ಇಳಿಯಲು ಸಿದ್ಧರಾಗಿ. ಬಂದರಿನಲ್ಲಿ ಅದು ನಿಲ್ಲುವುದು ಕೆಲವೇ ನಿಮಿಷ. ಅಮ್ಮನನ್ನು ನಾವು ಕಾಲು ಗಂಟೆ ಮೊದಲೇ ಲಿಫ್ಟಿನಲ್ಲಿ ಕೆಳಗಿಳಿಸಿದೆವು; ನೂಕುನುಗ್ಗಲು ಅವರಿಗೆ ತಾಕಲಿಲ್ಲ.

ಇಳಿದುಕೊಳ್ಳಲು ಅಡಿಗೆಯ ಒಲೆಯುಳ್ಳ ಕೊಠಡಿಯನ್ನು ಆರಿಸಿ. ನಾವು ಬಂದರಿನ ಪಟ್ಟಣದಲ್ಲೇ, ಮೆಟ್ಟಿಲಿಲ್ಲದ ನೆಲಮನೆಯೊಂದನ್ನು ಹಿಡಿದೆವು. ಕೋಟೆಯ ಒಳಗಿನ ಮನೆಗಳು ಚಿತ್ರಕ್ಕೆ ಚೆಂದ, ಮಂಡಿಗೆ ಕಷ್ಟ. ಬಾಡಿಗೆಯ ಮೇಲೆ ದಿನಕ್ಕಿಷ್ಟೆಂದು ಸರ್ಕಾರದ ತೆರಿಗೆಯುಂಟು. ಹೇಳಿದ ಬಾಡಿಗೆಯಲ್ಲಿ ಅದು ಸೇರಿದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಇನ್ನು ಊಟ. ಸಸ್ಯಾಹಾರಿಗಳಿಗೆ ಅಲ್ಲಿ ಉಪವಾಸವೇ ಗತಿಯೆಂದು ಕೆಲವರು ನಮ್ಮನ್ನು ಹೆದರಿಸಿದ್ದರು. ನಡೆದುದೇ ಬೇರೆ. ಗ್ರೀಕರ ಆರ್ಥೊಡಾಕ್ಸ್ ಧರ್ಮದಲ್ಲಿ ವ್ರತದ ದಿನಗಳು ಬಹಳ. ಆ ದಿನಗಳಲ್ಲಿ ಮಾಂಸ, ಮೊಟ್ಟೆ, ಹಾಲು ಮೂರನ್ನೂ ಬಿಡುತ್ತಾರೆ. ಆ ಊಟಕ್ಕೆ 'ನಿಸ್ಟಿಸಿಮೊ' ಎಂದು ಹೆಸರು. ಈ ಒಂದು ಮಾತನ್ನು ಕಲಿತರೆ ಅರ್ಧ ಚಿಂತೆ ಕಳೆಯಿತು. ಆದರೆ ಎಚ್ಚರ: ರಕ್ತವಿಲ್ಲದ ಜೀವಿಗಳೆಂಬ ಭಾವನೆಯಿಂದ ಸಿಗಡಿ, ಅಷ್ಟಪದಿ ಮೊದಲಾದವನ್ನು ವ್ರತದಲ್ಲಿಯೂ ತಿನ್ನುವ ವಾಡಿಕೆ ಅವರಲ್ಲುಂಟು. ಆದುದರಿಂದ 'ಹೊರಿಸ್ ಕ್ರೆಯಾಸ್, ಹೊರಿಸ್ ಥಲಸಿನಾ', ಅಂದರೆ ಮಾಂಸ ಬೇಡ, ಕಡಲಿನ ಆಹಾರ ಬೇಡ, ಎಂದು ಸೇರಿಸಿ ಹೇಳಿ. ದೊಡ್ಡ ಅವರೆಯಂಥ ಕಾಳನ್ನು ಟೊಮೇಟೊ ಹಾಕಿ ಬೇಯಿಸಿದ 'ಗಿಗಾಂತೆಸ್', ಬೇಯಿಸಿದ ಸೊಪ್ಪಿಗೆ ಎಣ್ಣೆ, ನಿಂಬೆರಸ ಬೆರೆಸಿದ 'ಹೊರ್ತಾ', ಅಕ್ಕಿ ತುಂಬಿದ ಟೊಮೇಟೊ ಮತ್ತು ದೊಣ್ಣೆಮೆಣಸಿನಕಾಯಿಯ 'ಗೆಮಿಸ್ತಾ' ನಮ್ಮ ನಾಲಿಗೆಗೆ ಹಿಡಿಸಿದವು. ಕೊನೆಯದರಲ್ಲಿ ಕೆಲವೆಡೆ ಕೊಚ್ಚಿದ ಮಾಂಸ ಸೇರಿಸುತ್ತಾರೆ; ಕೇಳದೆ ತಿನ್ನಬೇಡಿ. ಚೀಸಿಗೆ ದ್ವೀಪ ಹೆಸರುವಾಸಿ. ಆದರೆ ಅದನ್ನು ಹೆಪ್ಪುಗಟ್ಟಿಸಲು ಕರುವಿನ ಜಠರದ ರಸ ಬಳಸುವ ಪದ್ಧತಿ ಯುರೋಪಿನಲ್ಲಿರುವುದರಿಂದ, ಕಟ್ಟುನಿಟ್ಟಿನವರು ವಿಚಾರಿಸಿಕೊಳ್ಳಬೇಕು. ರಾತ್ರಿಯ ಊಟ ನಮ್ಮದೇ: ನಾಕ್ಸೋಸಿನ ಆಲೂಗಡ್ಡೆಯ ಪಲ್ಯ, ಅನ್ನ, ಅಲ್ಲಿನ ಗಟ್ಟಿ ಮೊಸರಿಗೆ ನೀರು ಬೆರೆಸಿ ಕಲಸಿದ ಮೊಸರನ್ನ. ಅಮ್ಮ ಏಳು ದಿನವೂ ಹೊಟ್ಟೆ ತುಂಬ ಉಂಡರು.

ನೋಡತಕ್ಕವುಗಳಲ್ಲಿ ಮೊದಲನೆಯದು, ಹಡಗಿನಿಂದಲೇ ಕಾಣುವ ಪೋರ್ತಾರಾ. ಬಂದರಿನ ಪಕ್ಕದ ಗುಡ್ಡೆಯ ಮೇಲೆ ಸುಮಾರು ಆರು ಮೀಟರು ಎತ್ತರದ ಅಮೃತಶಿಲೆಯ ಬಾಗಿಲವಾಡವೊಂದು ಒಂಟಿಯಾಗಿ ನಿಂತಿದೆ. ಕ್ರಿ.ಪೂ. 530ರ ಸುಮಾರಿಗೆ ಆರಂಭವಾಗಿ ಪೂರ್ತಿಯಾಗದೆ ಉಳಿದ ದೇವಾಲಯದ್ದು ಅದು. ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ಹೋಗಿ. ಗಾಳಿ ಬಹಳ, ಮಕ್ಕಳ ಕೈ ಬಿಡಬೇಡಿ. ಗ್ರೀಕರ ಪುರಾಣದಲ್ಲಿ ಥೀಸಿಯಸ್ ಎಂಬ ವೀರನು, ತನ್ನ ಪ್ರಾಣ ಉಳಿಸಿದ ಅರಿಯಾಡ್ನೆಯನ್ನು ಮಲಗಿರುವಾಗಲೇ ಬಿಟ್ಟು ಹೊರಟುಹೋದುದು ಈ ದ್ವೀಪದಲ್ಲಿ. ಅದನ್ನು ಮಗನಿಗೆ ಹೇಳುತ್ತಿದ್ದಾಗ ಅಮ್ಮ, "ನಮ್ಮ ನಳ ದಮಯಂತಿಯನ್ನು ಕಾಡಿನಲ್ಲಿ ಬಿಟ್ಟು ಹೋದ ಹಾಗೇ ಆಯಿತಲ್ಲ" ಎಂದರು. ನಳ ತಿರುಗಿ ಬಂದ, ಥೀಸಿಯಸ್ ಬರಲಿಲ್ಲವೆಂದು ಹೇಳಿದೆವು. ಅವಳನ್ನು ಡಯೊನೈಸಸ್ ದೇವನು ಕೈಹಿಡಿದನೆಂದ ಮೇಲೆ ಅವರಿಗೆ ಸಮಾಧಾನವಾಯಿತು.

ಪಟ್ಟಣದ ಮೇಲಿನ ಕೋಟೆಯನ್ನು ವೆನಿಸ್ ನಗರದ ಮಾರ್ಕೊ ಸನೂಡೊ 1207ರಲ್ಲಿ ದ್ವೀಪವನ್ನು ಗೆದ್ದ ಬಳಿಕ ಕಟ್ಟಿಸಿದ. ಒಳನಾಡಿಗೆ ಬಂದರಿನ ಬಳಿಯಿಂದ ಬಸ್ಸುಗಳುಂಟು. ಟಿಕೇಟನ್ನು ಅಲ್ಲಿನ ಕಚೇರಿಯಲ್ಲಿ ಮೊದಲೇ ಕೊಳ್ಳಿ, ಹಿಂದಿರುಗುವ ಕೊನೆಯ ಬಸ್ಸಿನ ವೇಳೆಯನ್ನು ಬರೆದುಕೊಳ್ಳಿ. ಆಲಿವ್ ತೋಪುಗಳ ನಡುವಿನ ಹಾಲ್ಕಿ, ಬೀದಿಗೆಲ್ಲ ಅಮೃತಶಿಲೆ ಹಾಸಿದ ಅಪಿರಾಂಥೋಸ್ ಎರಡನ್ನೂ ಒಂದೇ ದಿನದಲ್ಲಿ ನೋಡಬಹುದು. ಅಪಿರಾಂಥೋಸಿನ ಸುತ್ತಿನ ಗಣಿಗಳಿಂದ ಸಾಣೆಗೆ ಬಳಸುವ ಎಮರಿ ಕಲ್ಲು ಹೊರನಾಡುಗಳಿಗೆ ಹೋಗುತ್ತಿತ್ತು. ಬಡಗಣ ತುದಿಯ ಅಪೊಲ್ಲೊನಾಸಿನಲ್ಲಿ, ಹತ್ತು ಮೀಟರಿಗೂ ಉದ್ದದ ಪುರುಷ ವಿಗ್ರಹವೊಂದು ಗಣಿಯಲ್ಲೇ ಅರೆಕೆತ್ತನೆಯಾಗಿ ಮಲಗಿದೆ. ಬೆಳ್ಗೊಳದ ಗೊಮ್ಮಟನನ್ನು ಕಂಡ ಕಣ್ಣಿಗೆ, ಕೆಲಸ ನಿಂತುಹೋದ ಆ ಕಲ್ಲನ್ನು ಕಂಡಾಗ ಮನಸ್ಸು ಸ್ವಲ್ಪ ಭಾರವಾಗುತ್ತದೆ.

ಸಣ್ಣಪುಟ್ಟ ರೀತಿನೀತಿಗಳೂ ತಿಳಿದಿರಲಿ. ಗ್ರೀಕಿನಲ್ಲಿ 'ನೆ' ಎಂದರೆ ಹೌದು, 'ಓಹಿ' ಎಂದರೆ ಇಲ್ಲ. ತಲೆಯನ್ನು ಮೇಲಕ್ಕೆ ಎಸೆದರೆ ಅದೂ ಇಲ್ಲವೆಂದೇ. ಮಧ್ಯಾಹ್ನ ಎರಡರಿಂದ ಐದರವರೆಗೆ ಮಲಗುವ ಹೊತ್ತು, ಗಲಾಟೆ ಮಾಡಬಾರದು. ಶೌಚಾಲಯದಲ್ಲಿ ಕಾಗದವನ್ನು ನೀರಿಗೆ ಹಾಕದೆ ಬದಿಯ ಬುಟ್ಟಿಗೆ ಹಾಕಬೇಕು. ಅಲ್ಲಿನ ಕೊಳವೆಗಳು ಕಿರಿದು. ಚರ್ಚಿನೊಳಗೆ ಭುಜ, ಮಂಡಿ ಮುಚ್ಚುವ ಉಡುಪು ಇರಲಿ. ಸೀರೆಯುಟ್ಟ ಅಮ್ಮನನ್ನು ಅಲ್ಲಿನ ಮುದುಕಿಯರು ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ದ್ವೀಪದಲ್ಲಿ ವೇಳಾಪಟ್ಟಿಯನ್ನು ನಡೆಸುವುದು ಗಾಳಿ. ಗಾಳಿಯ ಬಲವನ್ನು ಬೊಫೋರ್ಟ್ ಎಂಬ ಮಾಪಕದಲ್ಲಿ ಅಳೆಯುತ್ತಾರೆ. ಎಂಟು, ಒಂಬತ್ತರ ಅಂಕೆಗೆ ಏರಿತೆಂದರೆ ಬಂದರಿನ ಅಧಿಕಾರಿಗಳು ಹಡಗುಗಳನ್ನು ತಡೆಯುತ್ತಾರೆ. ವೇಗದ ಹಡಗುಗಳು ಅದಕ್ಕೂ ಮೊದಲೇ ನಿಲ್ಲುತ್ತವೆ. ನಾವಿಕರ ಮುಷ್ಕರವೂ ಒಮ್ಮೊಮ್ಮೆ ಉಂಟು. ಹೀಗೆ ಹಡಗು ರದ್ದಾದರೆ ಟಿಕೇಟಿನ ಹಣ ಇಲ್ಲವೆ ಮುಂದಿನ ಹಡಗಿನಲ್ಲಿ ಸ್ಥಳ ಕೊಡುತ್ತಾರೆ. ಆದರೆ ಬಿರುಗಾಳಿಯ ಕಾರಣವಾದರೆ ವಸತಿಯ ಖರ್ಚು ಕೊಡುವ ಹೊಣೆ ಅವರದಲ್ಲ. ಬೇರೆಯಾಗಿ ಕೊಂಡ ವಿಮಾನದ ಟಿಕೇಟಂತೂ ಹೋದಂತೆಯೇ.

ನಮ್ಮ ವಿಮಾನ ಭಾನುವಾರ. ನಾವು ಗುರುವಾರದ ಹಡಗಿಗೇ ಟಿಕೇಟು ಕೊಂಡಿದ್ದೆವು. ಬುಧವಾರ ರಾತ್ರಿ ಕಿಟಕಿಗಳು ಬಡಿದುಕೊಳ್ಳತೊಡಗಿದವು. ಗುರುವಾರ ಬೆಳಿಗ್ಗೆ ಮನೆಯೊಡತಿ ಬಂದು ಕೈಯಾಡಿಸಿ, ಇಂದು ಹಡಗಿಲ್ಲವೆಂದಳು. ಪಕ್ಕದ ಕೊಠಡಿಯಲ್ಲಿದ್ದ ಪರದೇಶದ ದಂಪತಿಗಳಿಗೆ ಶುಕ್ರವಾರ ಬೆಳಗಿನ ಜಾವವೇ ವಿಮಾನ. ಅವರು ದಿನವೆಲ್ಲ ಬಂದರಿಗೂ ಮನೆಗೂ ಓಡಾಡಿದರು. ಹಡಗು ಬರಲಿಲ್ಲ, ವಿಮಾನ ತಪ್ಪಿತು. ನಾವು ಆ ದಿನ ಅವಲಕ್ಕಿ ಒಗ್ಗರಣೆ ಮಾಡಿ ಅವರಿಗೂ ಕೊಟ್ಟು, ಕಡಲು ನೋಡುತ್ತ ಕುಳಿತೆವು. ಶುಕ್ರವಾರ ಸಂಜೆ ಗಾಳಿ ತಗ್ಗಿ ಹಡಗು ಬಿಟ್ಟಿತು. ಶನಿವಾರ ಅಥೆನ್ಸಿನಲ್ಲಿದ್ದೆವು, ಭಾನುವಾರ ವಿಮಾನದಲ್ಲಿ.

ಆದುದರಿಂದ ನಮ್ಮ ವಿನಂತಿ: ವಾರವೊಂದರಲ್ಲಿ ಮೂರು ದ್ವೀಪ ಸುತ್ತುವ ಆಸೆ ಬಿಡಿ, ದ್ವೀಪ ಹೆಚ್ಚಿದಷ್ಟೂ ಹಡಗು ತಪ್ಪುವ ಭಯ ಹೆಚ್ಚು. ಒಂದೇ ದ್ವೀಪದಲ್ಲಿ ನೆಲೆನಿಂತು, ವಿಮಾನದ ದಿನಕ್ಕಿಂತ ಎರಡು ರಾತ್ರಿ ಮೊದಲಾದರೂ ಅಥೆನ್ಸಿಗೆ ಮರಳುವಂತೆ ಟಿಕೇಟು ಕೊಳ್ಳಿ; ಮನೆಯಲ್ಲಿ ವೃದ್ಧರಿದ್ದರೆ ಮೂರು ರಾತ್ರಿ. ಆ ಎರಡು ದಿನದ ಬಾಡಿಗೆ ದಂಡವೆಂದು ಭಾವಿಸಬೇಡಿ. ಗಾಳಿ ಬೀಸದಿದ್ದರೆ ಅಥೆನ್ಸಿನ ಆಕ್ರೊಪೊಲಿಸನ್ನು ನಿಧಾನವಾಗಿ ನೋಡಲು ಅದು ಒದಗುತ್ತದೆ. ಬೀಸಿದರೆ, ನಿಮ್ಮ ಹಲವು ವರ್ಷದ ಉಳಿತಾಯವನ್ನು ಅದೇ ಕಾಯುತ್ತದೆ.