ನಡುದಾರಿಯ ತಂಗು

ಪ್ರಯಾಣಕ್ಕೆ ಎರಡು ಕೊನೆಗಳು ಮಾತ್ರವೇ ಇರುವುವೆಂಬ ಭಾವನೆ ಈಚಿನದು. ನಮ್ಮ ಹಿರಿಯರು ಕಾಶಿಗೆ ಹೊರಟರೆ ಕಾಶಿಯೊಂದನ್ನೇ ಕಂಡು ಬರುತ್ತಿರಲಿಲ್ಲ. ದಾರಿಯಲ್ಲಿ ಛತ್ರಗಳಿದ್ದುವು, ಅರವಟ್ಟಿಗೆಗಳಿದ್ದುವು, ನದಿಗಳಿದ್ದುವು. ಎಲ್ಲಕ್ಕಿಂತ ಮಿಗಿಲಾಗಿ ಬಂಧುಗಳ ಮನೆಗಳಿದ್ದುವು. ಎತ್ತಿಗೆ ದಣಿವಾಯಿತೆಂಬ ನೆಪದಿಂದ ಅತ್ತೆಯ ಮನೆಯಲ್ಲಿ ಎರಡು ದಿನ, ಹೊಳೆ ತುಂಬಿತೆಂಬ ನೆಪದಿಂದ ಚಿಕ್ಕಪ್ಪನ ಮನೆಯಲ್ಲಿ ನಾಲ್ಕು ದಿನ ನಿಲ್ಲುವುದು ಪ್ರಯಾಣದ ಅಂಗವೇ ಆಗಿದ್ದಿತು. ರೈಲು ಬಂದ ಮೇಲೂ ಈ ಪದ್ಧತಿ ಪೂರ್ಣವಾಗಿ ಅಳಿಯಲಿಲ್ಲ. ದೂರದ ಟಿಕೆಟ್ಟು ಕೊಂಡವನು ನಡುವೆ ಇಳಿದು, ಎರಡು ದಿನ ನಿಂತು, ಅದೇ ಟಿಕೆಟ್ಟಿನ ಮೇಲೆ ಮುಂದುವರಿಯಬಹುದೆಂಬ ನಿಯಮವನ್ನು ರೈಲಿನವರು ಇಟ್ಟರು. 'ಬ್ರೇಕ್ ಜರ್ನಿ' ಎಂಬ ಆ ಮಾತು ಇಂಗ್ಲಿಷಿನ ಗಂಧವಿಲ್ಲದ ನನ್ನ ತಾಯಿಯ ಬಾಯಲ್ಲಿಯೂ ಸಲೀಸಾಗಿ ಬರುತ್ತಿದ್ದಿತು.

ವಿಮಾನವು ಈ ನಡುದಾರಿಯನ್ನು ನುಂಗಿಬಿಟ್ಟಿತು. ಮೋಡದ ಮೇಲೆ ಯಾವ ಬಂಧುವಿನ ಮನೆಯೂ ಇಲ್ಲ. 2021ರ ಜನವರಿಯಲ್ಲಿ ಮಹಿಳೆಯರೇ ನಡೆಸಿದ ಏರ್ ಇಂಡಿಯಾ ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೋ ನಗರವನ್ನು ಬಿಟ್ಟು, ಉತ್ತರ ಧ್ರುವದ ಮೇಲಿಂದ ಹಾರಿ, ಎಲ್ಲಿಯೂ ನೆಲ ಮುಟ್ಟದೆ ಬೆಂಗಳೂರಿಗೆ ಬಂದಿಳಿಯಿತು. ಆ ಸಾಹಸಕ್ಕೆ ಹೆಮ್ಮೆಪಟ್ಟವರಲ್ಲಿ ನಾನೂ ಒಬ್ಬ. ಆದರೆ ಅರ್ಧ ಭೂಮಿಯನ್ನು ದಾಟಿಯೂ ಯಾರ ಬಾಗಿಲನ್ನೂ ತಟ್ಟದೆ ಬರುವ ಪ್ರಯಾಣವು ಎಷ್ಟು ಬಡವಾದುದೆಂಬ ಯೋಚನೆಯೂ ನನಗೆ ಬಾರದಿರಲಿಲ್ಲ.

ಹೀಗಿರುವಲ್ಲಿ ವಿಮಾನದವರ ನಿಯಮಗಳ ನಡುವೆಯೇ ಹಳೆಯ ಛತ್ರದ ಧರ್ಮವು ಇನ್ನೂ ಉಸಿರಾಡುತ್ತಿರುವುದನ್ನು ಕಂಡಾಗ ನನಗಾದ ಸಂತೋಷವನ್ನು ವಾಚಕರು ಊಹಿಸಿಕೊಳ್ಳಬಹುದು. ಅದಕ್ಕೆ ಅವರು 'ಸ್ಟಾಪ್‌ಓವರ್' ಎನ್ನುವರು. ನಾನು ತಂಗು ಎನ್ನುತ್ತೇನೆ. ಒಂದು ದೇಶದಿಂದ ಇನ್ನೊಂದಕ್ಕೆ ಹೋಗುವಾಗ ನಡುವಿನ ಊರಿನಲ್ಲಿ 24 ಗಂಟೆಗಳೊಳಗೆ ಮುಂದಿನ ವಿಮಾನವನ್ನು ಹಿಡಿದರೆ ಅದು ಬರಿಯ ಬದಲಾವಣೆ; ಆ ಮಿತಿಯನ್ನು ದಾಟಿ ನಿಂತರೆ ತಂಗು. ಸಾಮಾನ್ಯವಾಗಿ ತಂಗಿದರೆ ದರ ಏರುವುದು. ಆದರೆ ಮೈಲಿಗಳ ಲೆಕ್ಕದಲ್ಲಿ ಟಿಕೆಟ್ಟು ಪಡೆಯುವವರಿಗೆ ಕೆಲವು ಸಂಸ್ಥೆಗಳು ಈ ತಂಗನ್ನು ಉಚಿತವಾಗಿಯೋ ಅಲ್ಪ ಬೆಲೆಗೋ ಕೊಡುವುವು. ಕೆನಡಾ ದೇಶದ ಏರೋಪ್ಲಾನ್ ಯೋಜನೆಯು 2020ರ ನವೆಂಬರಿನಲ್ಲಿ ಹೊಸ ರೂಪ ತಾಳಿದಾಗ, ಒಂದು ಕಡೆಯ ಪ್ರಯಾಣದಲ್ಲಿಯೂ 5,000 ಅಂಕಗಳನ್ನು ಹೆಚ್ಚಾಗಿ ತೆತ್ತರೆ 45 ದಿನಗಳವರೆಗೆ ನಡುವೆ ನಿಲ್ಲಬಹುದೆಂದು ವಿಧಿಸಿತು. ನಮ್ಮ ಯಾವ ಛತ್ರದ ಧರ್ಮದರ್ಶಿಯೂ ಅಷ್ಟು ಉದಾರಿಯಾಗಿದ್ದುದನ್ನು ನಾನು ಕೇಳಿಲ್ಲ.

ಈ ಮೈಲಿಗಳೆಂಬ ನಾಣ್ಯದ ಹುಟ್ಟನ್ನು ಸ್ವಲ್ಪ ಹೇಳಬೇಕು. 1978ರಲ್ಲಿ ಅಮೆರಿಕದ ಸರ್ಕಾರವು ವಿಮಾನದರಗಳ ಮೇಲಣ ತನ್ನ ಹಿಡಿತವನ್ನು ಸಡಿಲಿಸುವ ಶಾಸನವನ್ನು ಮಾಡಿತು. ಸಂಸ್ಥೆಗಳ ನಡುವೆ ಪೈಪೋಟಿ ಹೆಚ್ಚಿತು. ಗಿರಾಕಿಯನ್ನು ಕಟ್ಟಿಹಾಕುವ ಉಪಾಯಗಳು ಬೇಕಾದುವು. 1981ರ ಮೇ 1ರಂದು ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆಯು, ತನ್ನ ವಿಮಾನದಲ್ಲಿ ಹಾರಿದ ಪ್ರತಿಯೊಂದು ಮೈಲಿಯನ್ನೂ ಪ್ರಯಾಣಿಕನ ಹೆಸರಿನಲ್ಲಿ ಬರೆದಿಟ್ಟು, ಮೊತ್ತ ಬೆಳೆದಾಗ ಬಹುಮಾನವಾಗಿ ಟಿಕೆಟ್ಟು ಕೊಡುವ ಯೋಜನೆಯನ್ನು ಆರಂಭಿಸಿತು. ಕೆಲವೇ ದಿನಗಳಲ್ಲಿ ಯುನೈಟೆಡ್ ಸಂಸ್ಥೆಯು ಅದನ್ನು ಅನುಸರಿಸಿತು. 1997ರಲ್ಲಿ ಸ್ಟಾರ್ ಅಲಯನ್ಸ್ ಎಂಬ ಕೂಟವೂ ಆಮೇಲೆ ಬೇರೆ ಎರಡು ಕೂಟಗಳೂ ಹುಟ್ಟಿ, ಒಬ್ಬರಲ್ಲಿ ಗಳಿಸಿದುದನ್ನು ಇನ್ನೊಬ್ಬರಲ್ಲಿ ವ್ಯಯಮಾಡುವ ಅನುಕೂಲವುಂಟಾಯಿತು. ನಮ್ಮ ಏರ್ ಇಂಡಿಯಾ 2014ರಲ್ಲಿ ಆ ಮೊದಲನೆಯ ಕೂಟವನ್ನು ಸೇರಿತು.

ನಾಣ್ಯವೆಂದ ಮೇಲೆ ಅದರ ಹಿಂದೆ ಬೀಳುವವರೂ ಇರಬೇಕಷ್ಟೆ. 1999ರಲ್ಲಿ ಕ್ಯಾಲಿಫೋರ್ನಿಯದ ಒಬ್ಬ ಎಂಜಿನಿಯರು, ತಿಂಡಿಯ ಡಬ್ಬಿಗಳ ಚೀಟಿ ಕಳುಹಿಸಿದವರಿಗೆ ಮೈಲಿಗಳನ್ನು ಕೊಡುವೆವೆಂಬ ಪ್ರಕಟಣೆಯನ್ನು ಓದಿ, ಕೈಗೆ ಸಿಕ್ಕಿದ ಅತಿ ಅಗ್ಗದ ಪುಡ್ಡಿಂಗ್ ಬಟ್ಟಲುಗಳನ್ನು 12,000ಕ್ಕೂ ಹೆಚ್ಚಾಗಿ ಕೊಂಡನು. ತಿನ್ನುವವರಾರು? ಅವುಗಳನ್ನು ಒಂದು ಧರ್ಮಸಂಸ್ಥೆಗೆ ದಾನಮಾಡಿ, ಅಲ್ಲಿಯ ಸ್ವಯಂಸೇವಕರಿಂದಲೇ ಚೀಟಿಗಳನ್ನು ಕೀಳಿಸಿ, 12 ಲಕ್ಷಕ್ಕೂ ಮೇಲ್ಪಟ್ಟ ಮೈಲಿಗಳನ್ನು ಸಂಪಾದಿಸಿದನು. ಒಂದೇ ಕಾರ್ಯದಲ್ಲಿ ಇಹವನ್ನೂ ಪರವನ್ನೂ ಸಾಧಿಸಿದ ಇಂಥವರು ವಿರಳ. ಈಗ ಕಾಲ ಅಷ್ಟು ಸುಲಭವಾಗಿಲ್ಲ. 2015ರಲ್ಲಿ ಡೆಲ್ಟಾ ಮತ್ತು ಯುನೈಟೆಡ್, ಮರುವರ್ಷ ಅಮೆರಿಕನ್ ಸಂಸ್ಥೆ, ಹಾರಿದ ದೂರವನ್ನು ಬಿಟ್ಟು ತೆತ್ತ ಹಣವನ್ನು ಆಧರಿಸಿ ಮೈಲಿಗಳನ್ನು ಕೊಡಲು ತೊಡಗಿದುವು. ಮೈಲಿಯೆಂಬ ಹೆಸರು ಉಳಿಯಿತು, ಮೈಲಿ ಹೋಯಿತು.

ಈ ಲೆಕ್ಕವನ್ನೆಲ್ಲ ಮೊದಲು ನನಗೆ ವಿವರಿಸಿದವಳು ಕ್ಯಾಲಿಫೋರ್ನಿಯದಲ್ಲಿರುವ ನನ್ನ ಮಗಳು. ಕೆಲಸದ ನಿಮಿತ್ತವಾಗಿ ವರ್ಷದಲ್ಲಿ ನಾಲ್ಕೈದು ಸಲ ಅವಳು ಸಿಂಗಪುರಕ್ಕೆ ಹಾರಬೇಕಾಗಿದ್ದಿತು. ಆ ಓಡಾಟದ ಮೈಲಿಗಳು ಸಿಂಗಪುರ್ ಏರ್‌ಲೈನ್ಸ್ ಸಂಸ್ಥೆಯ ಕ್ರಿಸ್‌ಫ್ಲೈಯರ್ ಖಾತೆಯಲ್ಲಿ ಕೂಡಿದ್ದುವು. ಸದಸ್ಯರು ಐವರ ಹೆಸರನ್ನು ಸೂಚಿಸಿ ಅವರಿಗಾಗಿ ಟಿಕೆಟ್ಟು ತೆಗೆಸಬಹುದು. 36 ತಿಂಗಳು ಕಳೆದರೆ ಗಳಿಸಿದ ಮೈಲಿಗಳು ಲುಪ್ತವಾಗುವುವು. ಕೇಳುತ್ತ ಕೇಳುತ್ತ ನನಗೆ ಇದು ತೀರ ಪರಿಚಿತವಾದ ಶಾಸ್ತ್ರವೆನ್ನಿಸಿತು. ಒಬ್ಬರು ಗಳಿಸಿದ ಪುಣ್ಯವನ್ನು ಇನ್ನೊಬ್ಬರಿಗೆ ಧಾರೆಯೆರೆಯಬಹುದು, ಅದರ ಬಲದಿಂದ ಆಕಾಶವನ್ನೇರಬಹುದು, ತೀರಿದೊಡನೆ ಇಳಿಯಬೇಕು. ನಮ್ಮ ಪೂರ್ವಿಕರು ಪುಣ್ಯಕ್ಕೆ ಮೂರು ವರ್ಷಗಳ ಗಡುವನ್ನು ಇಟ್ಟಿರಲಿಲ್ಲವೆಂಬುದಷ್ಟೇ ಭೇದ. ಆದರೆ ಹಾಸ್ಯದ ನಡುವೆ ಒಂದು ಮಾತು ಮನಸ್ಸಿಗೆ ನಾಟಿತು. ಆ ಖಾತೆಯ ಒಂದೊಂದು ಸಾವಿರ ಮೈಲಿಯೂ ನನ್ನ ಮಗಳು ತನ್ನ ಮನೆಯಲ್ಲಿ ಮಲಗದ ಒಂದು ರಾತ್ರಿಯೇ ಆಗಿದ್ದಿತು.

2023ರ ಆರಂಭದಲ್ಲಿ ಅವಳು ಬಸುರಿಯಾದಳು; ಹೆರಿಗೆಯ ಹೊತ್ತಿಗೆ ನಾವಿಬ್ಬರೂ ಅಲ್ಲಿರಬೇಕೆಂದಳು. ಹಣಕ್ಕೆ ಬದಲು ಮೈಲಿಗಳು. ಹೋಗಿಬರುವ ಟಿಕೆಟ್ಟಿಗೆ ಅಗ್ಗದ 'ಸೇವರ್' ವರ್ಗದಲ್ಲಿ ಆಗ ಒಂದು ತಂಗು ಉಚಿತವಾಗಿದ್ದಿತು. ಸಿಂಗಪುರದಲ್ಲಿ ನನ್ನ ಅಕ್ಕ ಇದ್ದಳು.

ಅಕ್ಕನಿಗೆ ಆಗ 83 ವರ್ಷ. ಭಾವನವರು ತೀರಿಕೊಂಡ ಮೇಲೆ ತೀರ್ಥಹಳ್ಳಿಯ ಕಡೆಯ ಮನೆಯನ್ನು ಮುಚ್ಚಿ ಮಗನೊಡನೆ ಹೋದವಳು. ನಾನು ಅವಳನ್ನು ನೋಡಿ ಎಂಟು ವರ್ಷಗಳಾಗಿದ್ದುವು. ನಮ್ಮ ತಾಯಿ ಹಾಸಿಗೆ ಹಿಡಿದ ವರ್ಷ ನನ್ನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳೇ. ಈಚೆಗೆ ಅವಳಿಗೆ ಮರೆವು ಹೆಚ್ಚುತ್ತಿದೆಯೆಂದು ಸೋದರಳಿಯನು ತಿಳಿಸಿದ್ದನು.

ಬಹುಮಾನದ ಸ್ಥಳಗಳು ಕೇಳಿದ ದಿನ ಸಿಕ್ಕುವುದಿಲ್ಲ. ಒಂದೊಂದು ವಿಮಾನದಲ್ಲಿಯೂ ಕೆಲವನ್ನು ಮಾತ್ರ ಇದಕ್ಕಾಗಿ ಬಿಡುವರು. ಆದುದರಿಂದ ಮೊದಲು ಬೆಂಗಳೂರು–ಸಿಂಗಪುರದ ದಾರಿಯನ್ನೂ, ಆಮೇಲೆ ಸಿಂಗಪುರ–ಸ್ಯಾನ್ ಫ್ರಾನ್ಸಿಸ್ಕೋ ದಾರಿಯನ್ನೂ ಬೇರೆ ಬೇರೆಯಾಗಿ ಹುಡುಕಿ, ಎರಡರಲ್ಲಿಯೂ ಸ್ಥಳವಿರುವ ದಿನಗಳನ್ನು ಕಾಗದದ ಮೇಲೆ ಬರೆದುಕೊಂಡು, ಪಂಚಾಂಗದಲ್ಲಿ ಮುಹೂರ್ತ ಕೂಡಿಸುವಂತೆ ಕೂಡಿಸಬೇಕು. ಎರಡನ್ನೂ ಬೇರೆ ಟಿಕೆಟ್ಟುಗಳಾಗಿ ಕೊಳ್ಳದೆ ಒಂದೇ ಟಿಕೆಟ್ಟಾಗಿ ಬರೆಸಿದರೆ ಮಾತ್ರ ತಂಗಿನ ಲಾಭ. ಉಚಿತವೆಂದರೂ ನಿಲ್ದಾಣದ ಶುಲ್ಕ, ತೆರಿಗೆಗಳನ್ನು ಹಣವಾಗಿಯೇ ತೆರಬೇಕು; ಬದಲಾವಣೆಗಾಗಿ ಇಳಿದವನಿಗಿಂತ ತಂಗಿದವನಿಗೆ ಸಿಂಗಪುರದ ಶುಲ್ಕ ಹೆಚ್ಚು. ಬದಲಾವಣೆಗೆ ಬೇಡದ ವೀಸಾ ತಂಗಿಗೆ ಬೇಕು. ಮೊದಲನೆಯ ಘಟ್ಟದಲ್ಲಿ ಹತ್ತದಿದ್ದರೆ ಮುಂದಿನವೆಲ್ಲ ರದ್ದಾಗುವುವು. ಮೂರು ರಾತ್ರಿ ಮಗಳು ಅಲ್ಲಿಂದಲೂ ನಾನು ಇಲ್ಲಿಂದಲೂ ಈ ಲೆಕ್ಕವನ್ನು ಹಾಕಿದೆವು.

ಕೊನೆಗೆ ಎರಡು ದಾರಿಗಳು ಉಳಿದುವು. ಒಂದು: ಹೋಗುವಾಗ ಎಲ್ಲಿಯೂ ನಿಲ್ಲದೆ ಹೋಗಿ, ಹೆರಿಗೆಗೆ ಮೂರು ವಾರ ಮುಂಚೆ ಮಗಳ ಮನೆಯನ್ನು ಸೇರಿ, ಮೂರು ತಿಂಗಳ ಮೇಲೆ ಮರಳುವಾಗ ಸಿಂಗಪುರದಲ್ಲಿ ತಂಗುವುದು. ಇನ್ನೊಂದು: ಹೋಗುವಾಗಲೇ ಆರು ದಿನ ತಂಗಿ, ಹೆರಿಗೆಗೆ ನಾಲ್ಕೇ ದಿನ ಮುಂಚೆ ತಲಪುವುದು. ಹೆಚ್ಚು ಹಣ ತೆತ್ತು ಎರಡು ಕಡೆಯೂ ಇಳಿಯೋಣವೆಂದರೆ ದಿನಗಳು ಹೊಂದಲಿಲ್ಲ. ಮಗಳು ಮೊದಲನೆಯದನ್ನೇ ಬಯಸಿದಳು. ಚೊಚ್ಚಲು ಹೆರಿಗೆಯವಳ ಆಸೆ ನ್ಯಾಯವಾದುದೇ. ಗಳಿಕೆಯೂ ಅವಳದು. ನಾನು ಬಾಯಿಬಿಡಲಾರದೆ ಕುಳಿತೆನು.

ಆಗ ನನ್ನ ಹೆಂಡತಿ ಹೇಳಿದಳು: "ಹುಟ್ಟುವ ಮಗು ನಮ್ಮನ್ನು ಮೊದಲು ಕಂಡರೂ ಗುರುತು ಹಿಡಿಯದು, ಎರಡು ದಿನ ತಡವಾಗಿ ಕಂಡರೂ ಹಿಡಿಯದು. ಅತ್ತಿಗೆಯವರು ಇವತ್ತು ನಿಮ್ಮ ಗುರುತು ಹಿಡಿಯುತ್ತಾರೆ. ಮೂರು ತಿಂಗಳ ಮೇಲೆ ಹೇಗೋ, ಯಾರು ಬಲ್ಲರು?"

ದೂರವಾಣಿಯ ಆ ಕೊನೆಯಲ್ಲಿ ಮಗಳು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಆಗಲಿ ಅಮ್ಮ, ನೀವು ಅತ್ತೆಯನ್ನು ನೋಡಿಕೊಂಡೇ ಬನ್ನಿ. ಮಗುವಿಗೆ ನಾಲ್ಕು ದಿನ ಕಾಯಲು ನಾನು ಹೇಳುತ್ತೇನೆ" ಎಂದು ನಕ್ಕಳು. ಆ ನಗೆಯೊಳಗೆ ಸ್ವಲ್ಪ ಅಳುವೂ ಇದ್ದುದು ನಮ್ಮಿಬ್ಬರಿಗೂ ಕೇಳಿಸಿತು.

ಸಿಂಗಪುರದ ಹನ್ನೊಂದನೆಯ ಅಂತಸ್ತಿನ ಮನೆಯಲ್ಲಿ ಅಕ್ಕ ಕಿಟಕಿಯ ಬಳಿ ಕುಳಿತಿದ್ದಳು. ನನ್ನನ್ನು ನೋಡಿ, "ಬಂದೆಯಾ ಪುಟ್ಟಣ್ಣ? ಬಸ್ಸು ಹೊತ್ತಿಗೆ ಸರಿಯಾಗಿ ಸಿಕ್ಕಿತೇ?" ಎಂದಳು. ಸಮುದ್ರವನ್ನು ದಾಟಿ ಬಂದೆನೆಂದು ಹೇಳಲು ನನಗೆ ಮನಸ್ಸಾಗಲಿಲ್ಲ, ಸಿಕ್ಕಿತೆಂದೆ. ಮರುದಿನ ಬೆಳಿಗ್ಗೆಯೂ ಅದೇ ಪ್ರಶ್ನೆ, ಅದೇ ಉತ್ತರ. ಆರು ದಿನವೂ ನಾನು ಹೊಸದಾಗಿ ಬಂದೆ; ಆರು ದಿನವೂ ಅವಳಿಗೆ ಹೊಸದಾಗಿ ಸಂತೋಷವಾಯಿತು. ಸೆರಂಗೂನ್ ರಸ್ತೆಯಿಂದ ನನ್ನ ಹೆಂಡತಿ ಮಲ್ಲಿಗೆಯನ್ನು ತಂದು ಮುಡಿಸಿದಳು. ಟೆಕ್ಕಾ ಮಾರುಕಟ್ಟೆಯಿಂದ ಬಾಳೆಯೆಲೆ ತಂದು ಅದರ ಮೇಲೆ ಬಡಿಸಿದಳು. ಎಲೆಯನ್ನು ಕಂಡೊಡನೆ ಅಕ್ಕ ನಮ್ಮ ಹಿತ್ತಿಲ ಹಲಸಿನ ಮರವನ್ನೂ, ನಾನು ಅದರಿಂದ ಬಿದ್ದು ಮೊಣಕೈ ಮುರಿದುಕೊಂಡುದನ್ನೂ, ಅಪ್ಪನಿಗೆ ತಿಳಿಯದಂತೆ ತಾನು ಎಣ್ಣೆ ಹಚ್ಚಿದುದನ್ನೂ ಒಂದಕ್ಷರ ತಪ್ಪದೆ ಹೇಳಿದಳು. ನಿನ್ನೆಯದು ನಿಲ್ಲದ ಆ ನೆನಪಿನಲ್ಲಿ ಎಪ್ಪತ್ತು ವರ್ಷದ ಹಿಂದಿನದು ಬಂಡೆಯ ಮೇಲಿನ ಬರಹದಂತೆ ಉಳಿದಿದ್ದಿತು.

ಅಲ್ಲಿಂದ ಹೊರಟು ಸುಮಾರು 15 ಗಂಟೆಗಳು ಪೆಸಿಫಿಕ್ ಸಾಗರದ ಮೇಲೆ ಹಾರಿ ಮಗಳ ಮನೆಯನ್ನು ಸೇರಿದೆವು. ಮೊಮ್ಮಗು ತಾಯಿಯ ಮಾತನ್ನು ಕೇಳಿತು. ನಾವು ಬಂದ ಐದನೆಯ ದಿನ ಹುಟ್ಟಿತು.

ಮರಳುವಾಗ ಸಿಂಗಪುರದ ನಿಲ್ದಾಣದಲ್ಲಿ ನಾಲ್ಕು ಗಂಟೆಗಳ ಬಿಡುವಿದ್ದಿತು. ಅಲ್ಲಿಂದ ಸೋದರಳಿಯನಿಗೆ ದೂರವಾಣಿ ಮಾಡಿದೆ. ಅವನು ಅಕ್ಕನ ಕೈಗೆ ಕೊಟ್ಟನು. "ಯಾರಪ್ಪ ನೀನು? ಯಾರ ಮನೆಯವನು?" ಎಂದು ಅವಳು ಬಹು ಮರ್ಯಾದೆಯಿಂದ ವಿಚಾರಿಸಿದಳು. ನಾನು ಹೆಸರು ಹೇಳಿದೆ, ಊರು ಹೇಳಿದೆ. "ಹೌದೇ? ಆ ಊರಿನಲ್ಲಿ ನನ್ನ ತಮ್ಮನೊಬ್ಬನಿದ್ದಾನೆ. ಕಂಡರೆ ಬಸ್ಸು ಹತ್ತಿ ಬಂದು ಹೋಗಲು ಹೇಳು" ಎಂದಳು. ಹೇಳುತ್ತೇನೆಂದೆ.

ಪ್ರಯಾಣದ ಶಾಸ್ತ್ರವನ್ನು ಬಲ್ಲವರು, ಒಂದು ಮೈಲಿಗೆ ಎಷ್ಟು ಪೈಸೆಯ ಬೆಲೆ ದೊರೆಯಿತೆಂದು ಲೆಕ್ಕಹಾಕಿ, ತಮ್ಮ ಟಿಕೆಟ್ಟಿನ ಲಾಭನಷ್ಟವನ್ನು ನಿರ್ಣಯಿಸುವರಂತೆ. ನಮ್ಮ ಮಗಳೂ ಒಂದು ದಿನ ಹಾಗೆ ಲೆಕ್ಕಹಾಕಿ, "ಅಪ್ಪ, ಈ ಟಿಕೆಟ್ಟಿನಲ್ಲಿ ನಮಗೆ ಅಂಥ ಲಾಭವೇನೂ ಆಗಲಿಲ್ಲ, ಬೇರೆ ತಿಂಗಳಾಗಿದ್ದರೆ ಹಣಕ್ಕೇ ಇನ್ನೂ ಅಗ್ಗವಾಗುತ್ತಿತ್ತು" ಎಂದಳು. ಲೆಕ್ಕ ಸರಿಯಾಗಿಯೇ ಇರಬೇಕು. ಈಗ ಅವಳ ಖಾತೆಯಲ್ಲಿ ಮತ್ತೆ ಸ್ವಲ್ಪ ಮೈಲಿಗಳು ಕೂಡಿವೆ. ಗಡುವು ಮುಗಿಯುವುದರೊಳಗೆ ಇನ್ನೊಮ್ಮೆ ಬನ್ನಿರೆಂದು ಬರೆದಿದ್ದಾಳೆ. ಅಕ್ಕನಿಗೆ ನಾನು ಯಾರೆಂಬುದು ಈಗ ತಿಳಿಯದು. ಆದರೂ ಈ ಸಲವೂ ಹೋಗುವಾಗಲೇ ಇಳಿಯುವುದೆಂದು ನನ್ನ ಹೆಂಡತಿ ಆಗಲೇ ದಿನಗಳನ್ನು ಗುರುತುಹಾಕಿ ಇಟ್ಟಿದ್ದಾಳೆ.